ಟ್ರೇ ಮೇಲೆ ಬಿಸಿಯಾಗುವ ಆರ್ಮರ್ಡ್ ಕೇಬಲ್: ಆಂಪಿಯರ್ ಲೆಕ್ಕ ಎಲ್ಲಿ ತಪ್ಪಿತು?

ದೂರು ಬರುವುದು ಹೆಚ್ಚುಕಡಿಮೆ ಒಂದೇ ಧಾಟಿಯಲ್ಲಿ. "ಟೇಬಲ್‌ನಲ್ಲಿ 298 ಆಂಪಿಯರ್ ಅಂತಿದೆ. ನಮ್ಮ ಲೋಡ್ ಜಾಸ್ತಿ ಅಂದರೆ 180. ಬ್ರೇಕರ್ 200ರದ್ದು. ಆದರೂ ಕೇಬಲ್ ಮುಟ್ಟಲಾಗದಷ್ಟು ಸುಡುತ್ತಿದೆ, ಹೊರ ಹೊದಿಕೆ ಮೆತ್ತಗಾಗಿದೆ. ಕೇಬಲ್ ಕಳಪೆ ಇರಬೇಕು."

ಕೇಬಲ್ ಕಳಪೆ ಇರುವುದೂ ಉಂಟು, ಆದರೆ ಅಪರೂಪ. ನಾನು ಇಲ್ಲಿ ಹಿಡಿದಿರುವ ಉದಾಹರಣೆ ಮೇಲಿನ ದೂರಿನಂಥದ್ದೇ ಒಂದು ಪ್ರಕರಣ: ನಾಲ್ಕು ಕೋರ್ (ಒಳಗೆ ನಾಲ್ಕು ತಂತಿ), 95 ಚದರ ಮಿಲಿಮೀಟರ್ ತಾಮ್ರ, ಎಕ್ಸ್‌ಎಲ್‌ಪಿಇ (ಬಿಸಿ ತಾಳುವ ಬಗೆಯ ಪಾಲಿಥೀನ್) ಇನ್ಸುಲೇಷನ್, ಉಕ್ಕಿನ ತಂತಿಯ ಆರ್ಮರ್ (ರಕ್ಷಾಕವಚ). ಚಾವಣಿಯ ಕೆಳಗೆ ತೂತುಗಳಿರುವ ಟ್ರೇ (ಕೇಬಲ್ ಹೊರುವ ಉದ್ದನೆಯ ಲೋಹದ ತಟ್ಟೆ) ಮೇಲೆ ಓಡಿದೆ. ಹಾಕಿದಾಗ ಸರಿಯಾಗಿತ್ತು. ಕೆಲವು ವರ್ಷಗಳ ನಂತರ ಮಧ್ಯಾಹ್ನದ ಹೊತ್ತು ಬ್ರೇಕರ್ ಆಗೊಮ್ಮೆ ಈಗೊಮ್ಮೆ ಟ್ರಿಪ್ ಆಗತೊಡಗಿತು. ಮೊದಲು ಬ್ರೇಕರ್ ಬದಲಾಯಿಸಿದರು. ಆಮೇಲೆ 250 ಆಂಪಿಯರ್‌ನದ್ದು ಹಾಕೋಣ ಎಂಬ ಮಾತು ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅಂತರರಾಷ್ಟ್ರೀಯ ವಿದ್ಯುತ್ ಮಾನಕ ಸಂಸ್ಥೆ ಐಇಸಿಯ ಟೇಬಲ್‌ನ 298 ಎಂಬ ಸಂಖ್ಯೆ ಆ ಕೇಬಲ್‌ನ ಗುಣವಲ್ಲ. 30 ಡಿಗ್ರಿ ಗಾಳಿಯಲ್ಲಿ, ಅಕ್ಕಪಕ್ಕ ಯಾರೂ ಇಲ್ಲದೆ, ಸುತ್ತ ಗಾಳಿ ಆಡುವಂತೆ ಒಂಟಿಯಾಗಿ ಮಲಗಿದ ಕೇಬಲ್‌ನ ಸಂಖ್ಯೆ ಅದು. ನಿಮ್ಮ ಕೇಬಲ್ ಎಷ್ಟು ಕರೆಂಟ್ ಹೊರಬಲ್ಲದು ಎಂಬುದು ಅದು ಮಲಗಿರುವ ಜಾಗದಲ್ಲಿ ತೀರ್ಮಾನವಾಗುತ್ತದೆ. ಆದ್ದರಿಂದ ಈ ದೋಷ ಹುಡುಕಾಟದಲ್ಲಿ ಮೀಟರಿನಷ್ಟೇ ಮುಖ್ಯವಾದ ಸಾಮಾನು ಒಂದು ಏಣಿ.

ಕೇಬಲ್ ನಿಜಕ್ಕೂ ಮಿತಿ ಮೀರಿದೆಯೇ?

ಕೈ ಇಟ್ಟು ನೋಡಿ ತೀರ್ಪು ಕೊಡಬೇಡಿ. 60 ಡಿಗ್ರಿ ಮುಟ್ಟಿದ ವಸ್ತುವನ್ನು ಯಾರೂ ಹಿಡಿದುಕೊಂಡು ನಿಲ್ಲಲಾರರು. ಎಕ್ಸ್‌ಎಲ್‌ಪಿಇ ಕೇಬಲ್‌ನ ಒಳಗಿನ ತಂತಿಗೆ 90 ಡಿಗ್ರಿವರೆಗೆ ಅನುಮತಿ ಇದೆ. ಪೂರ್ತಿ ಕರೆಂಟ್ ಹರಿಯುವಾಗ ತಂತಿಗೂ ಹೊರ ಹೊದಿಕೆಗೂ ನಡುವೆ 10ರಿಂದ 15 ಡಿಗ್ರಿ ಅಂತರ ಇರುತ್ತದೆ ಎಂದುಕೊಂಡರೂ, ಹೊರಮೈ 75 ಡಿಗ್ರಿ ಇರುವುದು ನಿಯಮದ ಒಳಗೇ. ಪಿವಿಸಿ ಆದರೆ ತಂತಿಯ ಮಿತಿ 70 ಡಿಗ್ರಿ. ಅದರ ಹೊರಮೈ 75 ತೋರಿಸಿದರೆ ಕೆಲಸ ಕೆಟ್ಟಿದೆ ಎಂದೇ ಅರ್ಥ. ಮೊದಲು ಹೊದಿಕೆಯ ಮೇಲಿನ ಅಚ್ಚು ಓದಿ ಯಾವ ಇನ್ಸುಲೇಷನ್ ಎಂದು ಖಚಿತಪಡಿಸಿಕೊಳ್ಳಿ. ಹೊರ ಹೊದಿಕೆ ಪಿವಿಸಿ ಇದ್ದು ಒಳಗೆ ಎಕ್ಸ್‌ಎಲ್‌ಪಿಇ ಇರುವುದು ತೀರ ಸಾಮಾನ್ಯ, ಬಣ್ಣ ನೋಡಿ ಊಹಿಸುವ ಹಾಗಿಲ್ಲ.

ತಾಪ ಅಳೆಯಲು ಇನ್‌ಫ್ರಾರೆಡ್ ಕ್ಯಾಮೆರಾ ಒಳ್ಳೆಯದೇ, ಎರಡು ಎಚ್ಚರಿಕೆಗಳ ಜೊತೆ. ಕಪ್ಪು ಪಿವಿಸಿ ಹೊದಿಕೆಗೆ ಎಮಿಸಿವಿಟಿ (ಮೇಲ್ಮೈ ಬಿಸಿಯನ್ನು ಎಷ್ಟು ಸೂಸುತ್ತದೆ ಎಂಬ ಅಂಕಿ) 0.95ರ ಆಸುಪಾಸು ಇಟ್ಟರೆ ನಂಬಬಹುದಾದ ಅಂಕಿ ಬರುತ್ತದೆ. ಹೊಳೆಯುವ ಲಗ್ (ತಂತಿಯ ತುದಿಗೆ ಕೂರಿಸುವ ಲೋಹದ ತುಂಡು), ಬಸ್‌ಬಾರ್ (ಪ್ಯಾನಲ್ ಒಳಗಿನ ಲೋಹದ ಪಟ್ಟಿ), ಹಿತ್ತಾಳೆಯ ಗ್ಲ್ಯಾಂಡ್ (ಕೇಬಲ್ ಪ್ಯಾನಲ್ ಹೊಗುವಲ್ಲಿ ಅದನ್ನು ಹಿಡಿದಿಡುವ ಬಿಗಿ) ಇವಕ್ಕೆ ಅದೇ ಸೆಟ್ಟಿಂಗ್ ಇಟ್ಟರೆ ನಿಜಕ್ಕಿಂತ ಬಹಳ ತಂಪಾಗಿ ತೋರಿಸುತ್ತದೆ. ವಿದ್ಯುತ್ ಬಂದ್ ಮಾಡಿದಾಗ ಅಲ್ಲೊಂದು ತುಂಡು ಕಪ್ಪು ಟೇಪ್ ಅಂಟಿಸಿಟ್ಟು, ಆಮೇಲೆ ಆ ಟೇಪಿನ ಮೇಲೆ ಅಳೆಯಿರಿ. ಎರಡನೆಯದು, ಕ್ಯಾಮೆರಾಗೆ ಕಾಣುವುದು ಮೇಲಿನ ಪದರ ಮಾತ್ರ. ರಾಶಿಯ ನಡುವೆ ಸಿಕ್ಕಿಕೊಂಡ ಕೇಬಲ್ ಅದರ ಕಣ್ಣಿಗೆ ಬೀಳುವುದೇ ಇಲ್ಲ, ಸುಡುವುದು ಮಾತ್ರ ಅದೇ. ಅಲ್ಲಿಗೆ ತಾಪ ಅಳೆಯುವ ತೆಳು ಥರ್ಮೋಕಪಲ್ ತಂತಿಯನ್ನು ಕೇಬಲ್‌ಗಳ ಸಂದಿಯಲ್ಲಿ ತೂರಿಸಿ ಹೊದಿಕೆಗೆ ತಾಗಿಸಿ ಕಟ್ಟಬೇಕು. ಟ್ರೇ ಬಳಿ, ಕೇಬಲ್‌ಗಳ ಬಿಸಿ ತಟ್ಟದಷ್ಟು ದೂರದಲ್ಲಿ, ಗಾಳಿಯ ತಾಪಕ್ಕೂ ಒಂದು ಬೇಕು. ನೆಲದ ಮೇಲೆ ನಿಂತು ಅಳೆದ 36 ಡಿಗ್ರಿ ಚಾವಣಿಯ ಅಡಿಯ ಲೆಕ್ಕಕ್ಕೆ ಬರುವುದಿಲ್ಲ.

ಅಳತೆಗೆ ಅವಸರ ಬೇಡ. ಲೋಡ್ ಏರಿದ ತಕ್ಷಣ ಕೇಬಲ್ ಬಿಸಿಯಾಗುವುದಿಲ್ಲ. ರಾಶಿ ಹಾಕಿದ ದಪ್ಪ ಕೇಬಲ್‌ಗಳು ಒಂದು ಸ್ಥಿತಿಗೆ ಬಂದು ನಿಲ್ಲಲು ಗಂಟೆಗಳೇ ಬೇಕು. ಬೆಳಿಗ್ಗೆ ಹತ್ತಕ್ಕೆ ಅಳೆದು "ಎಲ್ಲ ಸರಿ" ಎಂದು ಬರೆದ ವರದಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಬಿಸಿ ಒಂದು ಕಡೆಯೋ, ಉದ್ದಕ್ಕೂ ಇದೆಯೋ?

ಇದೊಂದು ಪ್ರಶ್ನೆಯಲ್ಲಿ ಅರ್ಧ ದಾರಿ ಸವೆಯುತ್ತದೆ. ಪ್ಯಾನಲ್‌ನ ಹತ್ತಿರದ ಒಂದೆರಡು ಅಡಿ ಮಾತ್ರ ಬಿಸಿ, ಮುಂದೆ ಹೋದಂತೆ ತಂಪು ಎಂದಾದರೆ ಟ್ರೇಯನ್ನು ಬಿಟ್ಟು ಲಗ್ ನೋಡಿ. ಸಡಿಲ ಬೋಲ್ಟ್, ಸರಿಯಾಗಿ ಕ್ರಿಂಪ್ ಆಗದ ಲಗ್, ತಾಮ್ರದ ಬಸ್‌ಬಾರ್‌ಗೆ ನೇರ ಕೂರಿಸಿದ ಅಲ್ಯೂಮಿನಿಯಂ ಲಗ್. ಮೂರು ಫೇಸ್‌ಗಳಲ್ಲಿ ಒಂದೇ ಬಿಸಿ ಇದ್ದು ಕರೆಂಟ್ ಮೂರರಲ್ಲೂ ಸಮ ಇದ್ದರೆ ತಪ್ಪು ಜೋಡಣೆಯಲ್ಲಿದೆ, ಸಂಶಯವೇ ಬೇಡ. ಬಿಸಿ ಉದ್ದಕ್ಕೂ ಹರಡಿಕೊಂಡಿದ್ದರೆ ಅದು ಸಾಮರ್ಥ್ಯದ ಪ್ರಶ್ನೆ. ಟ್ರೇಯ ಒಂದು ಭಾಗ ಮಾತ್ರ ಬಿಸಿಯಾಗಿದ್ದರೆ, ಅಲ್ಲಿನ ಪರಿಸರ ಉಳಿದ ದಾರಿಗಿಂತ ಕೆಟ್ಟದಿದೆ.

ಬ್ರೇಕರ್ ಯಾಕೆ ಟ್ರಿಪ್ ಆಗುತ್ತಿತ್ತು ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಅನೇಕ ಸಲಕರಣೆಗಳ ಟರ್ಮಿನಲ್‌ಗಳು 70 ಡಿಗ್ರಿಯ ತಂತಿಯನ್ನು ನಿರೀಕ್ಷಿಸಿ ಮಾಡಿದವು. 90 ಡಿಗ್ರಿಗೆ ಕಾದ ತಾಮ್ರ ತನ್ನ ಬಿಸಿಯನ್ನು ನೇರ ಟರ್ಮಿನಲ್‌ಗೆ, ಅಲ್ಲಿಂದ ಬ್ರೇಕರ್‌ನ ಬೈಮೆಟಲ್ ಪಟ್ಟಿಗೆ (ಬಿಸಿಗೆ ಬಾಗಿ ಬ್ರೇಕರ್ ಬೀಳಿಸುವ ಪಟ್ಟಿ) ಸಾಗಿಸುತ್ತದೆ. ಬ್ರೇಕರ್ 180 ಆಂಪಿಯರ್‌ಗೇ ಟ್ರಿಪ್ ಆದರೆ ಅದು ಕೆಟ್ಟಿದೆ ಎಂದೇ ತಿಳಿಯಬೇಕಿಲ್ಲ. ಕೇಬಲ್ ಹೇಳಲಾಗದ್ದನ್ನು ಅದು ಹೇಳುತ್ತಿರಬಹುದು. ಎಕ್ಸ್‌ಎಲ್‌ಪಿಇ ಕೇಬಲ್‌ನ 90 ಡಿಗ್ರಿ ಅಂಕಿಯನ್ನು ಪೂರ್ತಿ ಬಳಸುವ ಮೊದಲು ಎರಡೂ ತುದಿಯ ಸಲಕರಣೆ ಅದನ್ನು ತಾಳುತ್ತದೆಯೇ ನೋಡಬೇಕು. ತಾಳದಿದ್ದರೆ 70 ಡಿಗ್ರಿಯ ಲೆಕ್ಕದಲ್ಲಿ ಕೇಬಲ್ ಆರಿಸಬೇಕು.

ಕರೆಂಟ್ ಅಳೆಯುವಾಗ ಆಗುವ ಮೋಸ

ಕ್ಲ್ಯಾಂಪ್ ಮೀಟರ್ ಟ್ರೂ ಆರ್‌ಎಂಎಸ್ ಬಗೆಯದ್ದೇ (ಅಲೆಯ ಆಕಾರ ಕೆಟ್ಟಿದ್ದರೂ ನಿಜವಾದ ಕರೆಂಟ್ ತೋರಿಸುವಂಥದ್ದು) ಬೇಕು. ಡ್ರೈವ್‌ಗಳು (ಮೋಟಾರ್ ವೇಗ ನಿಯಂತ್ರಕಗಳು), ಯುಪಿಎಸ್, ಎಲ್‌ಇಡಿ ದೀಪಗಳ ಲೋಡ್‌ನಲ್ಲಿ ಅಲೆಯ ಆಕಾರ ಕೆಟ್ಟಿರುತ್ತದೆ. ಸರಾಸರಿ ಅಳೆದು ಗುಣಿಸಿ ತೋರಿಸುವ ಅಗ್ಗದ ಮೀಟರ್ ಅಲ್ಲಿ ಗಣನೀಯವಾಗಿ ಕಡಿಮೆ ಹೇಳುತ್ತದೆ. ಮೂರು ಫೇಸ್ ಅಳೆದು ನ್ಯೂಟ್ರಲ್ ಬಿಟ್ಟುಬಿಡುವುದು ಇನ್ನೊಂದು ಚಾಳಿ. ಮೂರನೇ ಹಾರ್ಮೋನಿಕ್ ಕರೆಂಟ್‌ಗಳು (ಮೂಲ ಆವರ್ತನದ ಮೂರು ಪಟ್ಟು ವೇಗದಲ್ಲಿ ಆಡುವಂಥವು) ಮೂರೂ ಫೇಸ್‌ಗಳಿಂದ ಬಂದು ನ್ಯೂಟ್ರಲ್‌ನಲ್ಲಿ ಕೂಡಿಕೊಳ್ಳುತ್ತವೆ, ಒಂದನ್ನೊಂದು ಕಳೆಯುವುದಿಲ್ಲ. ಫೇಸ್‌ನಲ್ಲಿ ಶೇ. 40 ಮೂರನೇ ಹಾರ್ಮೋನಿಕ್ ಇದ್ದರೆ ನ್ಯೂಟ್ರಲ್‌ನಲ್ಲಿ ಫೇಸ್‌ನ 1.2 ಪಟ್ಟು ಕರೆಂಟ್. ಮೂರು ಬಿಸಿ ತಂತಿಗಳಿಗೆಂದು ಕೊಟ್ಟ ಟೇಬಲ್‌ನಲ್ಲಿ ನಾಲ್ಕನೆಯದೂ ಬಿಸಿಯಾಗಿ ಕುಳಿತಿರುತ್ತದೆ. ಐಇಸಿ 60364-5-52 ಇದಕ್ಕೆ ಕೊಡುವ ದಾರಿ: ಶೇ. 15ರವರೆಗೆ ಏನೂ ಮಾಡಬೇಕಿಲ್ಲ. 15ರಿಂದ 33ರವರೆಗೆ 0.86ರ ಗುಣಕ (ಟೇಬಲ್ ಸಂಖ್ಯೆಯನ್ನು ಅದರಿಂದ ಗುಣಿಸಬೇಕು), 33ರಿಂದ 45ರವರೆಗೆ ಅದೇ 0.86, ಆದರೆ ಕೇಬಲ್ ಆರಿಸುವುದು ನ್ಯೂಟ್ರಲ್ ಕರೆಂಟ್ ನೋಡಿ. 45 ಮೀರಿದರೆ ಗುಣಕ ಇಲ್ಲ, ನ್ಯೂಟ್ರಲ್ ಕರೆಂಟೇ ಅಳತೆಗೋಲು. ನಮ್ಮ ಪ್ರಕರಣದಲ್ಲಿ ಇದು ಶೇ. 10ರ ಒಳಗಿತ್ತು. ಹಾಗಾಗಿ ಅಲ್ಲಿಗೆ ಬಿಟ್ಟೆವು.

ಆರ್ಮರ್‌ನಲ್ಲಿ ಕರೆಂಟ್ ಹರಿಯುತ್ತಿದೆಯೇ ಎಂಬುದನ್ನು ನೋಡುವಾಗ ಅನುಭವಿಗಳೂ ಎಡವುತ್ತಾರೆ. ಇಡೀ ಕೇಬಲ್‌ನ ಸುತ್ತ ಕ್ಲ್ಯಾಂಪ್ ಹಾಕಿ "ಸೊನ್ನೆ ಇದೆ, ಆರ್ಮರ್‌ನಲ್ಲಿ ಏನೂ ಇಲ್ಲ" ಎನ್ನುತ್ತಾರೆ. ಯೋಚಿಸಿ ನೋಡಿ: ಮುಂದೆಲ್ಲೋ ನ್ಯೂಟ್ರಲ್ ಮತ್ತು ಅರ್ತ್ ತಪ್ಪಾಗಿ ಸೇರಿಕೊಂಡು, ನ್ಯೂಟ್ರಲ್‌ನ ಒಂದು ಪಾಲು ಅದೇ ಕೇಬಲ್‌ನ ಆರ್ಮರ್ ಮೂಲಕ ಹಿಂದಿರುಗುತ್ತಿದ್ದರೆ, ಹೋಗಿದ್ದೂ ಬಂದಿದ್ದೂ ಎರಡೂ ಕ್ಲ್ಯಾಂಪಿನ ಒಳಗೇ ಇವೆ. ಮೊತ್ತ ಸೊನ್ನೆಯೇ ಬರಬೇಕು. ಆರ್ಮರ್ ಕರೆಂಟ್ ಬೇಕಿದ್ದರೆ ಗ್ಲ್ಯಾಂಡ್‌ನಿಂದ ಅರ್ತ್ ಬಾರ್‌ಗೆ ಹೋಗುವ ತಂತಿಗೆ ಕ್ಲ್ಯಾಂಪ್ ಹಾಕಿ. ಜೊತೆಗೆ ಗ್ಲ್ಯಾಂಡ್ ದಾಟಿದ ಮೇಲೆ ಬಿಡಿಯಾಗುವ ನಾಲ್ಕೂ ಕೋರ್‌ಗಳನ್ನು ಒಟ್ಟಿಗೆ ಹಿಡಿದು ಅಳೆಯಿರಿ. ಎರಡನೆಯ ಅಳತೆ ಮುಖ್ಯ, ಏಕೆಂದರೆ ಗ್ಲ್ಯಾಂಡ್ ಲೋಹದ ಪ್ಲೇಟಿಗೇ ಕಚ್ಚಿಕೊಂಡಿದ್ದರೆ ಕರೆಂಟ್‌ನ ಒಂದು ಭಾಗ ಆ ತಂತಿಗೆ ಬಾರದೆ ಪ್ಯಾನಲ್ ಮೈಯೊಳಗೆ ಇಳಿದುಹೋಗುತ್ತದೆ. ಇವು ವಿದ್ಯುತ್ ಇರುವ ಪ್ಯಾನಲ್ ತೆರೆದು ಮಾಡುವ ಅಳತೆಗಳು. ಅದಕ್ಕೆ ತಕ್ಕ ರಕ್ಷಾ ಸಾಧನ, ಪರವಾನಗಿ ಎರಡೂ ಇಲ್ಲದವರು ಬಾಗಿಲು ತೆರೆಯಲೇಬಾರದು.

ಆರ್ಮರ್‌ನ ಬಗ್ಗೆ ಇನ್ನೊಂದು ನಂಬಿಕೆಯನ್ನೂ ಇಲ್ಲೇ ಬಿಡಿಸುತ್ತೇನೆ. ಉಕ್ಕಿನ ಹೊದಿಕೆ ಬಿಸಿಯನ್ನು ಒಳಗೇ ಕೂಡಿಹಾಕುತ್ತದೆ, ಆದ್ದರಿಂದ ಆರ್ಮರ್ಡ್ ಕೇಬಲ್‌ನ ಸಾಮರ್ಥ್ಯ ಕಡಿಮೆ ಎಂದು ಹಲವರು ತಿಳಿದಿದ್ದಾರೆ. ಬಹು ಕೋರ್ ಕೇಬಲ್‌ಗಳಲ್ಲಿ ಹಾಗೇನೂ ಇಲ್ಲ. ಉಕ್ಕು ಬಿಸಿಯನ್ನು ಚೆನ್ನಾಗಿಯೇ ದಾಟಿಸುತ್ತದೆ, ಕೇಬಲ್‌ನ ಸುತ್ತಳತೆ ಹೆಚ್ಚಾಗಿ ಗಾಳಿಗೆ ಬಿಟ್ಟುಕೊಡುವ ಮೈಯೂ ದೊಡ್ಡದಾಗುತ್ತದೆ. ಬ್ರಿಟಿಷ್ ಮಾನಕ ಬಿಎಸ್ 7671ರ ಟೇಬಲ್‌ನಲ್ಲಿ ಇದೇ 95 ಚದರ ಮಿಲಿಮೀಟರ್ ತಾಮ್ರದ ಆರ್ಮರ್ಡ್ ಎಕ್ಸ್‌ಎಲ್‌ಪಿಇ ಕೇಬಲ್‌ಗೆ 304 ಆಂಪಿಯರ್ ಇದೆ; ಆರ್ಮರ್ ಇಲ್ಲದ್ದಕ್ಕೆ ಐಇಸಿ ಕೊಡುವ 298ಕ್ಕಿಂತ ಒಂದು ಕೈ ಮೇಲೆ. ಮೂರು ಫೇಸ್ ಒಂದೇ ಹೊದಿಕೆಯೊಳಗೆ ಇರುವವರೆಗೆ ಅವುಗಳ ಕಾಂತಕ್ಷೇತ್ರಗಳು ಒಂದನ್ನೊಂದು ಹೊಡೆದುಹಾಕುತ್ತವೆ. ನಾನು ಲೆಕ್ಕಕ್ಕೆ 298ನ್ನೇ ಇಟ್ಟುಕೊಳ್ಳುತ್ತೇನೆ, ಆರು ಆಂಪಿಯರ್‌ಗಾಗಿ ಜಗಳ ಯಾಕೆ.

ಏಣಿ ಹತ್ತಿ ಟ್ರೇ ಓದುವುದು

ಡ್ರಾಯಿಂಗ್ ಕೈಯಲ್ಲಿ ಹಿಡಿದುಕೊಳ್ಳಿ, ಆದರೆ ನಂಬಬೇಡಿ. ನಮ್ಮ ಡ್ರಾಯಿಂಗ್‌ನಲ್ಲಿ ಆ ಟ್ರೇ ಮೇಲೆ ಆರು ಕೇಬಲ್‌ಗಳಿದ್ದವು. ಹತ್ತಿ ನೋಡಿದರೆ ಹನ್ನೆರಡು, ಅವೂ ಎರಡು ಪದರ. ಹೊಸ ಯಂತ್ರ ಬಂದಾಗಲೆಲ್ಲ "ಟ್ರೇಯಲ್ಲಿ ಜಾಗ ಇದೆಯಲ್ಲ" ಎಂದು ಒಂದೊಂದನ್ನೇ ಮೇಲೆ ಎಳೆದಿದ್ದರು. ಪ್ರತಿ ಬಾರಿ ಹೊಸ ಕೇಬಲ್‌ನ ಲೆಕ್ಕ ಮಾಡಿದ್ದಾರೆ; ಅದು ಕೆಳಗಿನ ಹಳೆಯ ಕೇಬಲ್‌ಗೆ ಏನು ಮಾಡುತ್ತದೆ ಎಂದು ಯಾರೂ ಕೇಳಿಲ್ಲ.

ದಾರಿಯುದ್ದಕ್ಕೂ ನಡೆಯುವಾಗ ನಾನು ಬರೆದುಕೊಳ್ಳುವುದು ಇಷ್ಟು. ಎಷ್ಟು ಕೇಬಲ್, ಎಷ್ಟು ಪದರ, ತಾಗಿಕೊಂಡಿವೆಯೋ ಬಿಡಿಸಿವೆಯೋ. ಟ್ರೇಗೆ ತೂತಿದೆಯೋ, ಏಣಿಯಂಥದ್ದೋ, ಬರೀ ತಗಡೋ. ತಳದ ವಿಸ್ತಾರದ ಶೇ. 30ಕ್ಕಿಂತ ಕಡಿಮೆ ತೂತಿದ್ದರೆ ಐಇಸಿ ಅದನ್ನು ತೂತಿಲ್ಲದ ಟ್ರೇ ಎಂದೇ ಎಣಿಸುತ್ತದೆ, ಆಗ ಆರಂಭದ ಸಂಖ್ಯೆಯೇ 298ರಿಂದ 278ಕ್ಕೆ ಇಳಿಯುತ್ತದೆ. ವರ್ಷಗಳ ಧೂಳು, ಎಣ್ಣೆ ಮೆತ್ತಿಕೊಂಡು ಮುಚ್ಚಿಹೋದ ತೂತುಗಳನ್ನು ತೂತು ಅನ್ನಬೇಕೋ ಬೇಡವೋ ನೀವೇ ಹೇಳಿ. ಮೇಲೆ ಮುಚ್ಚಳ ಇದೆಯೇ? ಅಮೆರಿಕದ ವಿದ್ಯುತ್ ಸಂಹಿತೆ ಎನ್‌ಇಸಿ, ಗಾಳಿಯಾಡದ ಮುಚ್ಚಳ 1.8 ಮೀಟರ್‌ಗಿಂತ ಉದ್ದಕ್ಕೆ ಸತತವಾಗಿದ್ದರೆ ಬಹು ಕೋರ್ ಕೇಬಲ್‌ಗೆ ಶೇ. 95 ಮಾತ್ರ ಬಳಸಿ ಎನ್ನುತ್ತದೆ. ಹಬೆಯ ಪೈಪ್, ಕುಲುಮೆ, ಬಿಸಿಲು ಬೀಳುವ ತೆರೆದ ಭಾಗ. ಬಿಸಿಲಿನ ಪೆಟ್ಟು ಗಾಳಿಯ ತಾಪದ ಗುಣಕದೊಳಗೆ ಸೇರಿರುವುದಿಲ್ಲ, ಅದನ್ನು ಬೇರೆಯೇ ನೋಡಬೇಕು. ನೆರಳಿನ ತಗಡು ಹಾಕುವುದಾದರೆ ಕೆಳಗೆ ಗಾಳಿ ಆಡುವಷ್ಟು ಎತ್ತರಿಸಿ ಹಾಕಿ.

ಆಮೇಲೆ ಗೋಡೆ ದಾಟುವ ಜಾಗ. 0.35 ಮೀಟರ್‌ಗಿಂತ ಕಡಿಮೆ ದಪ್ಪದ ಗೋಡೆಯೊಳಗೆ ಹಾಯುವುದನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯಬೇಕಿಲ್ಲ. ಬೆಂಕಿ ತಡೆಯುವ ತುಂಬು ಅಥವಾ ಶಾಖ ನಿರೋಧಕ ಉಣ್ಣೆ ಅರ್ಧ ಮೀಟರ್‌ಗಿಂತ ಉದ್ದಕ್ಕೆ ಕೇಬಲ್ ಅನ್ನು ಪೂರ್ತಿ ಸುತ್ತುವರಿದಿದ್ದರೆ ಸಾಮರ್ಥ್ಯವನ್ನು ಅರ್ಧಕ್ಕೆ ಇಳಿಸಿ ಎಣಿಸುವುದು ರೂಢಿ. ಕೇಬಲ್ ಟ್ರೇ ಬಿಟ್ಟು ಪೈಪಿನೊಳಗೋ ನೆಲದೊಳಗೋ ಇಳಿಯುತ್ತದೆಯೇ ಅದನ್ನೂ ಬರೆದುಕೊಳ್ಳಿ. ಇಡೀ ದಾರಿಯಲ್ಲಿ ಅತಿ ಕೆಟ್ಟ ತುಂಡು ಯಾವುದೋ ಅದರ ಸಂಖ್ಯೆಯೇ ಇಡೀ ಕೇಬಲ್‌ನ ಸಂಖ್ಯೆ.

ಕಾಗದದ ಮೇಲಿನ ಲೆಕ್ಕ

ಮೊದಲು ಹಾಕಿದವರ ಲೆಕ್ಕ ಸರಿಯೇ ಇತ್ತು. ಗಾಳಿ 40 ಡಿಗ್ರಿ ಎಂದುಕೊಂಡು 0.91; ಒಂದು ಟ್ರೇ ಮೇಲೆ ಒಂದೇ ಪದರದಲ್ಲಿ ತಾಗಿಕೊಂಡ ಆರು ಕೇಬಲ್‌ಗೆ 0.76. 298 × 0.91 × 0.76 = 206 ಆಂಪಿಯರ್. ಬ್ರೇಕರ್ 200. ಲೋಡ್ ಬ್ರೇಕರ್‌ಗಿಂತ ಕಡಿಮೆ, ಬ್ರೇಕರ್ ಕೇಬಲ್‌ಗಿಂತ ಕಡಿಮೆ ಎಂಬ ಮೂಲ ನಿಯಮ ಪಾಲನೆಯಾಗಿದೆ.

ಈಗಿನ ಸ್ಥಿತಿ ಬೇರೆ. ಚಾವಣಿ ಬಳಿ ಮಧ್ಯಾಹ್ನದ ಗಾಳಿ 50 ಡಿಗ್ರಿ: ಎಕ್ಸ್‌ಎಲ್‌ಪಿಇಗೆ 0.82. ಈ ಗುಣಕಗಳು ಆಕಾಶದಿಂದ ಉದುರಿದ್ದಲ್ಲ. ಅನುಮತಿಸಿದ ಏರಿಕೆ 90ರಿಂದ 50 ಕಳೆದರೆ 40. ಟೇಬಲ್ ಊಹಿಸಿದ್ದು 90ರಿಂದ 30 ಕಳೆದ 60. ಬಿಸಿ ಕರೆಂಟ್‌ನ ವರ್ಗಕ್ಕೆ ತಕ್ಕಂತೆ ಏರುವುದರಿಂದ 40ನ್ನು 60ರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ, 0.82 ಬರುತ್ತದೆ. ಪಿವಿಸಿ ಆಗಿದ್ದರೆ 20ನ್ನು 40ರಿಂದ ಭಾಗಿಸಿ ವರ್ಗಮೂಲ, 0.71. ಬಿಸಿ ಜಾಗದಲ್ಲಿ ಪಿವಿಸಿ ಎಷ್ಟು ಬೇಗ ಸೋಲುತ್ತದೆ ಎಂಬುದು ಇದರಲ್ಲೇ ಕಾಣುತ್ತದೆ.

ಈ ಸೂತ್ರ ತಿಳಿದಿದ್ದರೆ ಇನ್ನೊಂದು ಬಲೆಯಿಂದಲೂ ಪಾರಾಗಬಹುದು. ಐಇಸಿ ಟೇಬಲ್ 30 ಡಿಗ್ರಿ ಗಾಳಿಗೆ; ಅನೇಕ ತಯಾರಕರ ಕ್ಯಾಟಲಾಗ್ 40 ಡಿಗ್ರಿಗೆ. 40ರ ಕ್ಯಾಟಲಾಗ್ ಸಂಖ್ಯೆಯನ್ನು ತಂದು 30ರ ಆಧಾರದ 0.82ರಿಂದ ಗುಣಿಸಿದರೆ ಕೇಬಲ್‌ಗೆ ವಿನಾಕಾರಣ ಶಿಕ್ಷೆ. ಅಲ್ಲಿ ಬೇಕಿರುವುದು 40ನ್ನು 50ರಿಂದ ಭಾಗಿಸಿದ್ದರ ವರ್ಗಮೂಲ, 0.89. ಎನ್‌ಇಸಿಯ ಟ್ರೇ ನಿಯಮಗಳೂ ಐಇಸಿಯ ಗುಂಪು ಗುಣಕಗಳೂ ಬೇರೆ ಬೇರೆ ಯೋಚನೆಯಿಂದ ಹುಟ್ಟಿದವು. ಒಂದರ ಟೇಬಲ್‌ಗೆ ಇನ್ನೊಂದರ ಗುಣಕ ಹಚ್ಚುವುದು ಬೇಡ.

ಗುಂಪಿನ ಗುಣಕ ಯಾವುದು? ಟ್ರೇಗಳಿಗೆ ಕೊಟ್ಟ 0.76, 0.73ರಂಥ ಗುಣಕಗಳು ಒಂದೇ ಪದರಕ್ಕೆ ಮಾತ್ರ. ಒಂದರ ಮೇಲೊಂದು ಬಿದ್ದ ಕೂಡಲೇ ಅವು ಅನ್ವಯಿಸುವುದಿಲ್ಲ, ಕಟ್ಟಿನ ಟೇಬಲ್‌ಗೆ ಹೋಗಬೇಕು. ಅಲ್ಲಿ 12ಕ್ಕೆ 0.45. ಹಾಗಾದರೆ 298 × 0.82 × 0.45 = 110 ಆಂಪಿಯರ್! ಇದು ಸ್ವಲ್ಪ ಕಠೋರ. ತನ್ನ ಗುಂಪು ಸಾಮರ್ಥ್ಯದ ಶೇ. 30ಕ್ಕಿಂತ ಹೆಚ್ಚು ಎಂದೂ ಹೊರದ ಕೇಬಲ್ ಅನ್ನು ಎಣಿಕೆಯಿಂದ ಬಿಡಲು ಅವಕಾಶವಿದೆ. ಹನ್ನೆರಡರಲ್ಲಿ ನಾಲ್ಕು ಅಂಥವು. ಉಳಿದ ಎಂಟಕ್ಕೆ 0.52: 298 × 0.82 × 0.52 = 127 ಆಂಪಿಯರ್. 206 ಇದ್ದದ್ದು 127ಕ್ಕೆ ಬಂತು, ಬ್ರೇಕರ್ ಮಾತ್ರ 200ರಲ್ಲೇ ಇದೆ. ಅದಕ್ಕೆ ಟ್ರೇ ಕಾಣಿಸುವುದಿಲ್ಲ. ಈ ಗಾತ್ರದ ಬ್ರೇಕರ್ ತನ್ನ ಸೆಟ್ಟಿಂಗ್‌ನ 1.05 ಪಟ್ಟಿಗೆ ಎರಡು ಗಂಟೆಯಾದರೂ ಟ್ರಿಪ್ ಆಗಬಾರದು, 1.3 ಪಟ್ಟಿಗೆ ಎರಡು ಗಂಟೆಯೊಳಗೆ ಆಗಬೇಕು ಎಂದಷ್ಟೇ ಮಾನಕ ಹೇಳುವುದು.

ಅಳತೆಯಿಂದ ಲೆಕ್ಕವನ್ನು ಪರೀಕ್ಷಿಸುವುದು

127 ಎಂಬುದು ಟೇಬಲ್‌ನ ಮಾತು: ಎಂಟೂ ಕೇಬಲ್‌ಗಳು ಒಟ್ಟಿಗೆ ತಮ್ಮ ಮಿತಿಯವರೆಗೆ ತುಂಬಿವೆ ಎಂಬ ಊಹೆ. ನಿಜ ಸ್ಥಿತಿ ತಿಳಿಯಲು ಥರ್ಮೋಕಪಲ್ ಕಟ್ಟಿದ್ದೇವಲ್ಲ. ಮಧ್ಯಾಹ್ನ 160 ಆಂಪಿಯರ್ ನಾಲ್ಕು ಗಂಟೆ ಸತತವಾಗಿ ಹರಿದ ಮೇಲೆ, ರಾಶಿಯ ನಡುವಿನ ಹೊದಿಕೆ 88 ಡಿಗ್ರಿ, ಗಾಳಿ 50.

ಇಲ್ಲೊಂದು ಸೂಕ್ಷ್ಮ. "88 ಹೊರಗಿದ್ದರೆ ಒಳಗೆ 88ಕ್ಕೆ 15 ಸೇರಿಸಿ 103" ಎಂದು ಕೂಡಿಸುವವರಿದ್ದಾರೆ. ಆ 15 ಡಿಗ್ರಿ ಅಂತರ ಪೂರ್ತಿ 298 ಆಂಪಿಯರ್ ಹರಿಯುವಾಗಿನದು. ಆಗ ಮೂರು ಕೋರ್ ಸೇರಿ ಮೀಟರಿಗೆ ಸುಮಾರು 65 ವ್ಯಾಟ್ ಬಿಸಿ ಹೊರಬರುತ್ತದೆ. 160 ಆಂಪಿಯರ್‌ಗೆ ಬರುವುದು ಸುಮಾರು 19 ವ್ಯಾಟ್. ಅಂತರವೂ ಅದೇ ಪ್ರಮಾಣದಲ್ಲಿ ಇಳಿದು ನಾಲ್ಕೈದು ಡಿಗ್ರಿ ಆಗುತ್ತದೆ. ಗುಂಪಿನಲ್ಲಿ ಸಿಕ್ಕಿಕೊಂಡ ಕೇಬಲ್‌ನ ಲಕ್ಷಣವೇ ಇದು: ತಾನು ಹುಟ್ಟಿಸುವ ಬಿಸಿ ಕಡಿಮೆ, ಅದನ್ನು ಹೊರಹಾಕಲು ದಾರಿ ಇನ್ನೂ ಕಡಿಮೆ. ಆದ್ದರಿಂದ ಹೊದಿಕೆಯ ತಾಪ ತಂತಿಯ ತಾಪಕ್ಕೆ ಬಹಳ ಹತ್ತಿರ ಇರುತ್ತದೆ. ತಂತಿ ಸುಮಾರು 93 ಡಿಗ್ರಿ ಎನ್ನೋಣ. ಏರಿಕೆ 43.

ಇನ್ನು ಲೆಕ್ಕ ಸುಲಭ. ಅನುಮತಿ 40 ಡಿಗ್ರಿ ಏರಿಕೆಗೆ. 160 × √(40 ÷ 43) = 154 ಆಂಪಿಯರ್. ಈ ಟ್ರೇಯಲ್ಲಿ, ಈಗಿನ ನೆರೆಹೊರೆಯ ಜೊತೆ, ಕೇಬಲ್‌ನ ನಿಜವಾದ ಸಾಮರ್ಥ್ಯ ಅದು. 180 ಆಂಪಿಯರ್ ಸತತವಾಗಿ ಹರಿದರೆ ಏರಿಕೆ 43 × (180 ÷ 160)², ಅಂದರೆ 54 ಡಿಗ್ರಿ. ತಂತಿ 104ಕ್ಕೆ ಹೋಗುತ್ತದೆ. ಬಿಸಿಗೆ ತಂತಿಯ ರೋಧ ಏರುವುದನ್ನು ಸೇರಿಸಿದರೆ ಇನ್ನೂ ತುಸು ಹೆಚ್ಚು. ಅದರಿಂದ ಕೇಬಲ್ ಅಂದೇ ಸುಟ್ಟುಹೋಗುವುದಿಲ್ಲ, ಮೋಸ ಇರುವುದೇ ಅಲ್ಲಿ. ಪ್ರತಿ ಎಂಟು ಹತ್ತು ಡಿಗ್ರಿ ಹೆಚ್ಚಳಕ್ಕೆ ಇನ್ಸುಲೇಷನ್ ಆಯುಸ್ಸು ಅರ್ಧ ಎಂಬುದು ಈ ಕಸುಬಿನ ಹಳೆಯ ಅಂದಾಜು.

154 ಸಿಕ್ಕಿತೆಂದು ಅದನ್ನೇ ಹೊಸ ಮಿತಿಯೆಂದು ಬರೆದಿಡಬೇಡಿ. ಪಕ್ಕದ ಕೇಬಲ್‌ಗಳ ಲೋಡ್ ನಾಳೆ ಏರಿದರೆ ಅದು 127ರತ್ತ ಜಾರುತ್ತದೆ. ಎರಡು ಸಂಖ್ಯೆಗಳ ನಡುವಿನ ಈ ಅಂತರ ನೆರೆಯವರ ಕೃಪೆ, ನಿಮ್ಮ ಆಸ್ತಿಯಲ್ಲ.

ಸಿಂಗಲ್ ಕೋರ್ ಆದರೆ ಬೇರೆ ಕಥೆ

ದೊಡ್ಡ ಫೀಡರ್‌ಗಳಿಗೆ ಸಿಂಗಲ್ ಕೋರ್ ಹಾಕಿದ್ದರೆ ಮೇಲಿನದೆಲ್ಲ ಮಾಡುವ ಮೊದಲು ಆರ್ಮರ್ ಯಾವ ಲೋಹದ್ದು ನೋಡಿ. ಎಸಿಗೆ ಅಲ್ಯೂಮಿನಿಯಂ ತಂತಿಯ ಆರ್ಮರ್ ಇರಬೇಕು. ಉಕ್ಕಿನದು ಇದ್ದರೆ ಒಂಟಿ ಫೇಸ್‌ನ ಕಾಂತಕ್ಷೇತ್ರ ಅದರಲ್ಲೇ ಸುಳಿದು ಬಿಸಿಯಾಗುತ್ತದೆ. ಆಯಸ್ಕಾಂತ ಹಿಡಿದರೆ ಒಂದು ಕ್ಷಣದಲ್ಲಿ ಗೊತ್ತಾಗುತ್ತದೆ. ಮೂರು ಫೇಸ್‌ಗಳು ಉಕ್ಕಿನ ಗ್ಲ್ಯಾಂಡ್ ಪ್ಲೇಟಿನ ಮೂರು ಬೇರೆ ತೂತುಗಳಲ್ಲಿ ಹಾಯ್ದಿದ್ದರೆ ಪ್ಲೇಟ್ ಕಾಯುತ್ತದೆ. ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಪ್ಲೇಟ್ ಹಾಕಬೇಕು, ಇಲ್ಲವೇ ತೂತುಗಳ ನಡುವೆ ಸೀಳಬೇಕು. ಆರ್ಮರ್ ಅನ್ನು ಎರಡೂ ತುದಿಯಲ್ಲಿ ಅರ್ತ್ ಮಾಡಿದರೆ ಅದರಲ್ಲಿ ಸುತ್ತು ಕರೆಂಟ್ ಹರಿಯುತ್ತದೆ. ಒಂದೇ ತುದಿಯಲ್ಲಿ ಮಾಡಿದರೆ ಕರೆಂಟ್ ನಿಲ್ಲುತ್ತದೆ, ಆದರೆ ಇನ್ನೊಂದು ತುದಿಯಲ್ಲಿ ವೋಲ್ಟೇಜ್ ಹುಟ್ಟಿಕೊಳ್ಳುತ್ತದೆ. ಅದನ್ನು ಲೆಕ್ಕ ಹಾಕದೆ ಬಿಚ್ಚಬಾರದು. ಮೂರನ್ನೂ ತ್ರಿಕೋನಾಕಾರದಲ್ಲಿ ಒಟ್ಟಿಗೆ ಕಟ್ಟಿದರೆ ಇವೆಲ್ಲ ತಗ್ಗುತ್ತವೆ. ಒಂದೊಂದು ಫೇಸ್‌ಗೆ ಎರಡು ಮೂರು ಕೇಬಲ್ ಇದ್ದರೆ ಪ್ರತಿಯೊಂದನ್ನೂ ಬಿಡಿಯಾಗಿ ಅಳೆಯಿರಿ. ಒಟ್ಟು 600 ಆಂಪಿಯರ್ ಎಂದರೆ ತಲಾ 300 ಎಂದು ಯಾರೂ ಮಾತು ಕೊಟ್ಟಿಲ್ಲ.

ಏನು ಮಾಡುವುದು

ಮೊದಲ ದಿನ ಮಾಡುವುದು ಲೋಡ್ ಇಳಿಸುವುದು, ಅದಾಗದಿದ್ದರೆ ಬ್ರೇಕರ್‌ನ ಥರ್ಮಲ್ ಸೆಟ್ಟಿಂಗ್ ತಗ್ಗಿಸುವುದು. ನಮ್ಮಲ್ಲಿ ಅದನ್ನು 125ಕ್ಕೆ ಇಳಿಸಿದೆವು. ಕೆಲವು ಯಂತ್ರಗಳನ್ನು ರಾತ್ರಿಗೆ ಸರಿಸಬೇಕಾಯಿತು, ಗೊಣಗಾಟವೂ ಆಯಿತು.

ಖಾಯಂ ಪರಿಹಾರಕ್ಕೆ ದಪ್ಪ ಕೇಬಲ್ ಎಳೆಯುವುದೇ ಎಲ್ಲರಿಗೂ ಹೊಳೆಯುವ ದಾರಿ. ಅದೇ ರಾಶಿಯೊಳಗೆ ಎಳೆದರೆ ಅದನ್ನೂ 0.52ರಿಂದಲೇ ಗುಣಿಸಬೇಕು. 240 ಚದರ ಮಿಲಿಮೀಟರ್‌ನ 538 ಆಂಪಿಯರ್ ಸಹ ಅಲ್ಲಿ 229ಕ್ಕೆ ಬಂದು ಕೂರುತ್ತದೆ. ಅದಕ್ಕಿಂತ ಅಗ್ಗದ್ದು ಇನ್ನೊಂದು ಟ್ರೇ. ಹನ್ನೆರಡನ್ನು ಎರಡು ಟ್ರೇಗೆ ಆರಾರು ಹಂಚಿ, ಒಂದೇ ಪದರದಲ್ಲಿ, ಆದರೆ ತಾಗಿಸಿ ಮಲಗಿಸಿದರೆ ಗುಣಕ 0.73, 50 ಡಿಗ್ರಿಗೆ 178 ಆಂಪಿಯರ್. 180ರ ಲೋಡ್‌ಗೆ ಕೂದಲೆಳೆಯಷ್ಟು ಸಾಲದು. ಅದೇ ಕೇಬಲ್‌ಗಳ ನಡುವೆ ಒಂದು ಕೇಬಲ್ ದಪ್ಪದಷ್ಟು ಜಾಗ ಬಿಟ್ಟರೆ 0.87, ಅಂದರೆ 213 ಆಂಪಿಯರ್. ಬ್ರೇಕರ್‌ನ 200 ಇದರೊಳಗೆ ಸಲೀಸಾಗಿ ಬರುತ್ತದೆ. ಟ್ರೇಗಳ ನಡುವೆ 300 ಮಿಲಿಮೀಟರ್ ಎತ್ತರ, ಗೋಡೆಯಿಂದ ಕನಿಷ್ಠ 20 ಮಿಲಿಮೀಟರ್ ಅಂತರ ಇದ್ದಾಗ ಮಾತ್ರ ಈ ಗುಣಕಗಳು ನಿಲ್ಲುತ್ತವೆ. ಮುಂದೆ ಮೂರನೇ ಹಾರ್ಮೋನಿಕ್ ಶೇ. 15 ದಾಟಿತೋ, 213ನ್ನು 0.86ರಿಂದ ಗುಣಿಸಿ 183 ಆಗುತ್ತದೆ. ಬ್ರೇಕರ್ ಮತ್ತೆ ದೊಡ್ಡದಾಯಿತು. ಹಾಗಾಗಿ ಡ್ರೈವ್ ಸೇರಿಸುವವರು ಮೊದಲು ಟ್ರೇ ನೋಡಲಿ.

ಬಿಡಿಸುವಾಗ ಮೆತ್ತಗಾದ ಹೊದಿಕೆ ಟ್ರೇಯ ಅಂಚಿಗೆ ಅಂಟಿಕೊಂಡಿರುತ್ತದೆ. ಎಳೆದು ಹರಿಯಬೇಡಿ. ವಿದ್ಯುತ್ ಬಂದ್ ಮಾಡಿ, ಎರಡೂ ತುದಿ ಬಿಚ್ಚಿ, ಕೇಬಲ್ ತಣ್ಣಗಾದ ಮೇಲೆ 500 ವೋಲ್ಟ್ ಡಿಸಿಯಲ್ಲಿ ಇನ್ಸುಲೇಷನ್ ರೋಧ ಅಳೆಯಿರಿ: ಕೋರ್‌ನಿಂದ ಕೋರ್‌ಗೆ, ಪ್ರತಿ ಕೋರ್‌ನಿಂದ ಆರ್ಮರ್‌ಗೆ. ಬಿಸಿ ಇರುವಾಗ ಅಳೆದರೆ ಒಳ್ಳೆಯ ಕೇಬಲ್ ಕೂಡ ಕಡಿಮೆ ತೋರಿಸಿ ಹೆದರಿಸುತ್ತದೆ. 500 ವೋಲ್ಟ್‌ವರೆಗಿನ ಸರ್ಕ್ಯೂಟ್‌ಗೆ 1 ಮೆಗಾಓಮ್ ಕನಿಷ್ಠ ಎಂದು ಐಇಸಿ 60364-6 ಹೇಳಿದರೂ, ಆರೋಗ್ಯವಂತ ಕೇಬಲ್ ಅದಕ್ಕಿಂತ ಎಷ್ಟೋ ಪಟ್ಟು ಮೇಲಿರುತ್ತದೆ. ನಾಲ್ಕು ಕೋರ್‌ಗಳಲ್ಲಿ ಒಂದು ಮಾತ್ರ ಉಳಿದವುಗಳಿಗಿಂತ ತೀರ ಕೆಳಗಿದ್ದರೆ ಆ ಕೇಬಲ್ ಅನ್ನು ಹೊಸ ಟ್ರೇಗೆ ಏರಿಸಬೇಡಿ. ಆರ್ಮರ್‌ನ ಎರಡು ತುದಿಗಳ ನಡುವೆ ಸಂಪರ್ಕ ಮುರಿದಿಲ್ಲವೇ ನೋಡಿ.

ಹೊಸ ಜೋಡಣೆಯ ಮೇಲೆ ಅದೇ ಥರ್ಮೋಕಪಲ್‌ಗಳನ್ನು ಮತ್ತೆ ಕಟ್ಟಿ, ಅದೇ ಮಧ್ಯಾಹ್ನದ ಹೊತ್ತಿನಲ್ಲಿ, ಪೂರ್ತಿ ಲೋಡ್‌ನಲ್ಲಿ ನಾಲ್ಕು ಗಂಟೆ ಓಡಿಸಿ. ಬಂದ ಅಂಕಿ, ಗಾಳಿಯ ತಾಪ, ಕೇಬಲ್‌ಗಳ ಸಂಖ್ಯೆ, ನೀವು ಬಳಸಿದ ಗುಣಕಗಳು ಇವನ್ನು ಒಂದು ತಗಡಿನ ಮೇಲೆ ಬರೆಸಿ ಟ್ರೇಗೇ ತೂಗುಹಾಕಿ. ಕಡತದಲ್ಲಿಟ್ಟರೆ ಹದಿಮೂರನೆಯ ಕೇಬಲ್ ಎಳೆಯಲು ಏಣಿ ಹತ್ತುವವನ ಕಣ್ಣಿಗೆ ಅದು ಬೀಳುವುದಿಲ್ಲ.